ಮೀನಿಗಲ್ಲ

ಬಣ್ಣದಕ್ಕನಿಗೆ ಆ ಸುದ್ದಿ ಮುಟ್ಟಿದ್ದು ಶಾಲೆಯ ಮೆಟ್ಟಿಲ ಮೇಲೆ. ಒಂದು ಕೈಯಲ್ಲಿ ಅಳತೆ ಟೇಪು, ಇನ್ನೊಂದರಲ್ಲಿ ಏಳೆಂಟು ನೀಲಿಗಳನ್ನು ಹಚ್ಚಿ ತಂದ ಗಾಜಿನ ಚೂರು. ಶಾಲೆಯ ಹಜಾರದಲ್ಲಿ ಇಡಲಿದ್ದ ಆರಡಿ ಉದ್ದದ ಮೀನಿನ ತೊಟ್ಟಿಗೆ ಹಿನ್ನೆಲೆ ಬರೆಯುವ ಕೆಲಸ ಅವಳದಾಗಿತ್ತು. ಅಷ್ಟು ದೊಡ್ಡ ಕೆಲಸ ಅವಳಿಗೆ ಸಿಕ್ಕಿದ್ದು ಅದೇ ಮೊದಲು. ಮುಖ್ಯೋಪಾಧ್ಯಾಯಿನಿ ಮೇಲಿನ ಮೆಟ್ಟಿಲಲ್ಲೇ ಅವಳನ್ನು ತಡೆದರು.

"ತಪ್ಪು ತಿಳ್ಕೋಬೇಡಿ, ನಮ್ಮ ತೊಟ್ಟಿಗೆ ಬಣ್ಣ ಬೇಡ. ಹಲ್ಲಿನ ಡಾಕ್ಟರ ತೊಟ್ಟೀಲಿ ಹನ್ನೊಂದು ಮೀನು ಸತ್ತವಂತೆ, ನಿಮ್ಮ ಬಣ್ಣದಿಂದ. ಇಲ್ಲೂ ಹಾಗಾದ್ರೆ ಮಕ್ಕಳಿಗೆ ನಾನು ಏನಂತ ಹೇಳಲಿ?"

"ಯಾರು ಹೇಳಿದ್ದು ಮೇಡಂ?"

"ದಾರೀಲಿ ಹೋಗೋರು ಹೇಳಿದ್ರೆ ನಾನು ನಂಬ್ತಿದ್ನಾ? ನಿಮ್ಮ ಅಣ್ಣಾನೇ ಹೇಳಿದ್ದು."

ಬಣ್ಣದಕ್ಕ ಮೊದಲು ನಕ್ಕೇಬಿಟ್ಟಳು. ಅವಳ ಅಣ್ಣ, ಅಂದರೆ ಮಾರುಕಟ್ಟೆ ಬೀದಿಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಮೀನಣ್ಣ, ತಂಗಿಯ ಮೇಲೆ ಅಂಥ ಮಾತು ಆಡುವುದುಂಟೇ? ಹನ್ನೆರಡು ವರ್ಷದ ಹಿಂದೆ ಅವಳು ಬೋರ್ಡು ಬರೆಯುವ ಕೆಲಸ ಕೇಳಿಕೊಂಡು ಅಲೆಯುತ್ತಿದ್ದಾಗ ಊರಿಗೆ ಊರೇ "ಏಣಿ ಹತ್ತೋದು ಹೆಂಗಸಿನ ಕೆಲಸವಲ್ಲ" ಅಂತ ಸಾಗಹಾಕಿತ್ತು. ಆಗ ತನ್ನ ಹೊಸ ಅಂಗಡಿಯ ಎದುರಿಗಿಟ್ಟ ದೊಡ್ಡ ತೊಟ್ಟಿಯನ್ನು ತೋರಿಸಿ, "ಇದರ ಬೆನ್ನಿಗೆ ಒಂದು ಸಮುದ್ರ ಬರಿ ಪುಟ್ಟಿ, ಯಾರೇನಂತಾರೋ ನೋಡೇಬಿಡೋಣ" ಅಂದವನು ಅವನೇ. ಬಣ್ಣದಕ್ಕ ಅನ್ನುವ ಹೆಸರು ಅವಳಿಗೆ ಅಂಟಿಕೊಂಡದ್ದೂ ಆ ತೊಟ್ಟಿಯಿಂದಲೇ. ಅಂದಿನಿಂದ ಅಣ್ಣ ಮಾರುವ ತೊಟ್ಟಿಗಳಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಿನ್ನೆಲೆ ಬರೆಯುತ್ತ ಬಂದವಳು ಅವಳೇ, ಹಲ್ಲಿನ ಡಾಕ್ಟರ ತೊಟ್ಟಿಗೂ.

ಇನ್ನು ಅವಳ ಕೆಲಸದ ಕಟ್ಟುನಿಟ್ಟು ಗೊತ್ತಿದ್ದವರಾರೂ ಈ ಮಾತನ್ನು ನಂಬುವ ಹಾಗಿರಲಿಲ್ಲ. ಬಣ್ಣ ಗಾಜಿನ ಹೊರಮೈಗೆ, ಹೊರಮೈಗೆ ಮಾತ್ರ. ಹನ್ನೆರಡು ವರ್ಷದಲ್ಲಿ ನೀರು ಅವಳ ಬಣ್ಣದ ಮುಖ ಕಂಡದ್ದೇ ಇಲ್ಲ. ತೊಟ್ಟಿ ಖಾಲಿ ಇರಬೇಕು. ಮೀನಿರುವ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ತೆಗೆಯಬಾರದು, ಯಾಕೆಂದರೆ ಗಾಳಿಯ ಪಂಪಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ವಾಸನೆಯನ್ನೂ ಎಳೆದು ನೀರಿಗೆ ಊದಿಬಿಡುತ್ತದೆ. ಒರೆಸಿ, ಅಂಚಿಗೆ ಟೇಪು ಅಂಟಿಸಿ, ತೆಳ್ಳಗೆ ಬಳಿದು, ಒಣಗಿಸಿ, ಮತ್ತೆ ಬಳಿದು, ವಾರ ಕಳೆದ ಮೇಲಷ್ಟೇ ತೊಟ್ಟಿ ಅವಳ ಕೈಬಿಟ್ಟು ಹೊರಡುತ್ತಿತ್ತು. ಅದರಲ್ಲೂ ಎಲ್ಲ ತಿರುಗುಮುರುಗು. ಗೋಡೆಗಾದರೆ ಕೊನೆಯ ಕೋಟು ಕಾಣುತ್ತದೆ. ಗಾಜಿನ ಬೆನ್ನಿಗೆ ಬರೆದಾಗ ಎದುರಿನಿಂದ ನೋಡುವವರಿಗೆ ಮೊದಲು ಎಳೆದ ಗೀಟೇ ಮುಂದೆ. ಅದಕ್ಕೇ ಮೊದಲು ಹತ್ತಿರದ ಗಿಡ, ಆಮೇಲೆ ಕಲ್ಲು, ಕಡೆಗೆ ದೂರದ ನೀಲಿ. ಮೊದಲ ಗೀಟು ಕೆಟ್ಟರೆ ಮೇಲೆ ಬಳಿದು ಮುಚ್ಚುತ್ತೇನೆ ಅನ್ನುವ ಆಟ ಅಲ್ಲಿ ನಡೆಯುವುದಿಲ್ಲ.

ಏನೋ ಎಡವಟ್ಟಾಗಿದೆ ಅಂದುಕೊಂಡು ಅವಳು ಸೀದಾ ಹಲ್ಲಿನ ಡಾಕ್ಟರ ಬಳಿ ಹೋದಳು. ಆ ಮನುಷ್ಯನದು ಒಮ್ಮುಖದ ಮಾತು. ದಿನವಿಡೀ ಎದುರಿನವರ ಬಾಯಲ್ಲಿ ಕೈಯಿಟ್ಟುಕೊಂಡೇ ಮಾತಾಡುವವರಿಗೆ ಉತ್ತರ ಕೇಳಿ ಅಭ್ಯಾಸವಿರುವುದಿಲ್ಲ. ಕಾಯುವ ಕೋಣೆಯಲ್ಲಿ ತೊಟ್ಟಿ ಇದ್ದ ಜಾಗ ಖಾಲಿಯಾಗಿತ್ತು.

"ನಿಮ್ಮ ಅಣ್ಣ ಪಾಪ ಬಹಳ ನೊಂದ್ಕೊಂಡ್ರು," ಅಂದರು ಡಾಕ್ಟರು. "ನನ್ನ ತಂಗಿ ಅವಸರ ಮಾಡಿದಳು, ಬಣ್ಣ ಒಣಗೋಕೆ ಮುಂಚೆ ಕಳಿಸಿಬಿಟ್ಟಳು ಅಂತ. ಹೋಗ್ಲಿ ಬಿಡಿ. ಸಂಜೆ ಬೇರೆ ತೊಟ್ಟಿ ನೋಡೋಕೆ ಬರ್ತೀನಿ ಅಂದಿದ್ದೀನಿ."

ಹೋಗ್ಲಿ ಬಿಡಿ ಅನ್ನುವುದು ಸುಲಭ. ಹೋದದ್ದು ಅವಳ ಹೆಸರು. "ಆ ತೊಟ್ಟೀನ ಒಂದ್ಸಲ ನೋಡಬಹುದಾ ಡಾಕ್ಟ್ರೇ?" ಅಂದಳು.

ತೊಟ್ಟಿ ಹಿತ್ತಲಲ್ಲಿ ಗೋಡೆಗೆ ಒರಗಿಕೊಂಡಿತ್ತು. ಅವಳು ಬೆನ್ನಿನ ಬಣ್ಣವನ್ನು ಉಗುರಿನಿಂದ ಗೀರಿ ನೋಡಿದಳು, ಒಂದು ಚಕ್ಕೆಯೂ ಏಳಲಿಲ್ಲ. ಆಮೇಲೆ ತಲೆಯನ್ನೇ ಒಳಗೆ ತೂರಿಸಿದಳು. ಬುಡದ ಎಡ ಮೂಲೆಯಲ್ಲಿ, ಉಳಿದ ಜಲ್ಲಿಕಲ್ಲನ್ನು ಸರಿಸಿದಾಗ, ಬೆರಳಗಲದ ಒಂದು ಬಿಳಿ ಗೆರೆ. ಗಾಜಿಗೆ ಗಾಜು ಸೇರಿಸುವ ಅಂಟು ಅಣ್ಣನ ಅಂಗಡಿಯಲ್ಲಿ ಯಾವತ್ತೂ ನೀರಿನಂತೆ ತಿಳಿಯಾದದ್ದು. ಬಿಳಿಯದು ಬಚ್ಚಲುಮನೆಯ ಅಂಟು, ಬೂಷ್ಟು ಹಿಡಿಯದಿರಲಿ ಅಂತ ಅದಕ್ಕೆ ಔಷಧಿ ಬೆರೆಸಿರುತ್ತಾರೆ. ಬೂಷ್ಟನ್ನು ಕೊಲ್ಲುವುದು ಮೀನನ್ನು ಬಿಟ್ಟೀತೇ?

ಆ ಅಂಟು ಎಲ್ಲಿಯದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಎರಡು ತಿಂಗಳ ಹಿಂದೆ ಅಣ್ಣನ ಮನೆಯ ಬಚ್ಚಲಿನ ಬಿರುಕು ಮುಚ್ಚಲು ತಂದದ್ದು ಅವಳೇ. ಉಳಿದ ಅರ್ಧ ಟ್ಯೂಬನ್ನು ಅಂಗಡಿಯ ಡ್ರಾಯರಿನಲ್ಲಿ ಇಡುವಾಗ, ಕಣ್ತಪ್ಪಿಯೂ ಯಾರೂ ಮುಟ್ಟದಿರಲಿ ಅಂತ, ಕುಂಚ ತೆಗೆದು ಅದರ ಕುತ್ತಿಗೆಯ ಕೆಳಗೆ ಕೆಂಪಗೆ ಬರೆದಿದ್ದಳು: ಮೀನಿಗಲ್ಲ.

ಡಾಕ್ಟರಿಗೆ ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಒಡಹುಟ್ಟಿದವನು, ಅವನ ಬಾಯಿಂದಲೇ ಬರಲಿ ಅನ್ನುವ ಹಾಳು ಆಸೆ.

ಅಂಗಡಿಯಲ್ಲಿ ಮೀನಣ್ಣ ಸಣ್ಣ ಬಲೆ ಹಿಡಿದು ಕೊಳೆತ ಎಲೆ ತೆಗೆಯುತ್ತಿದ್ದ. ಅವಳು ಸೀದಾ ಹೋಗಿ ಡ್ರಾಯರು ಎಳೆದಳು. ಟ್ಯೂಬು ಬುಡದಿಂದ ಸುರುಳಿ ಸುತ್ತಿಕೊಂಡು ಪೂರಾ ಹಿಂಡಿಹೋಗಿತ್ತು. ಕೆಂಪು ಅಕ್ಷರಗಳು ಮಾತ್ರ ಕುತ್ತಿಗೆಯ ಹತ್ತಿರ ಹಾಗೇ ಇದ್ದವು.

"ಇದು ಹೇಗೆ ಖಾಲಿಯಾಯ್ತು ಅಣ್ಣಾ?"

ಅವನು ಟ್ಯೂಬನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಮೀನಿನ ಕಡೆ ತಿರುಗಿದ. "ಡಾಕ್ಟ್ರ ತೊಟ್ಟಿ ಹೊರಡೋ ಹೊತ್ತಿಗೆ ಮೂಲೇಲಿ ಜಿನುಗ್ತಿತ್ತು. ನಮ್ಮ ಅಂಟು ಮುಗಿದಿತ್ತು. ಹಚ್ಚಿದ್ದು ಇಷ್ಟೇ ಇಷ್ಟು."

"ಬರೆದಿದ್ದು ಕಾಣಲಿಲ್ವಾ?"

"ಕಾಣ್ತು. ಏನೂ ಆಗಲ್ಲ ಅಂದ್ಕೊಂಡೆ."

"ಸರಿ, ಅದು ತಪ್ಪು. ತಪ್ಪು ಎಲ್ಲರ ಕೈಯಲ್ಲೂ ಆಗುತ್ತೆ. ನನ್ನ ಹೆಸರು ಯಾಕೆ ಹೇಳಿದೆ?"

ಮೀನಣ್ಣ ಬಲೆ ಕೆಳಗಿಟ್ಟ. "ಅಂಗಡಿ ಮೇಲೆ ಬಂದ್ರೆ ಬಾಗಿಲು ಹಾಕಬೇಕಾಗುತ್ತೆ, ಆಮೇಲೆ ನನಗೂ ಇಲ್ಲ, ನಿನಗೂ ಇಲ್ಲ. ನಿನ್ನ ಮೇಲೆ ಬಂದ್ರೆ ನಾಲ್ಕು ದಿನ ಆಡ್ಕೊಂಡು ಮರೀತಾರೆ. ನಮ್ಮವಳಲ್ವಾ, ತಡ್ಕೋತೀಯ ಅಂದ್ಕೊಂಡೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಗಾದೆ. ಇಲ್ಲಿ ಎತ್ತು ತಾನೇ ನಡೆದು ಬಂದು ಎಮ್ಮೆಯನ್ನು ತೋರಿಸಿಕೊಟ್ಟಿತ್ತು. ಬಣ್ಣದಕ್ಕ ಕೂಗಾಡಲಿಲ್ಲ. "ಡಾಕ್ಟ್ರು ಸಂಜೆ ಬರ್ತಾರೆ. ನಿಜ ಹೇಳು, ಸಾಕು. ಉಳಿದಿದ್ದೆಲ್ಲ ನಾನು ಮರೀತೀನಿ," ಅಂದಳು.

"ಬರಲಿ, ಹೇಳ್ತೀನಿ," ಅಂದ ಅವನು.

ಅವಳು ನಂಬಿದಳು. ಅದೇ ನೋಡಿ ಅವಳ ಹುಚ್ಚು. ಸಂಜೆಯವರೆಗೆ ಅಲ್ಲೇ ಕೂತು ಕುಂಚಗಳನ್ನು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಡಾಕ್ಟರು ಬಂದರು. ಮೀನಣ್ಣ ಸ್ಟೂಲು ಒರೆಸಿ ಕೊಟ್ಟ. ಡಾಕ್ಟರು ಒಂದು ತೊಟ್ಟಿಯನ್ನು ತಟ್ಟಿ ನೋಡಿ, ಅವಳ ಕಡೆ ಕಣ್ಣು ಹಾಯಿಸಲೂ ಮುಜುಗರಪಟ್ಟುಕೊಂಡು, "ಇದು ಸಾಕು. ಬಣ್ಣ ಮಾತ್ರ ಬೇಡ," ಅಂದರು.

ಅವಳು ಅಣ್ಣನ ಮುಖ ನೋಡಿದಳು. ಬೇಕಾಗಿದ್ದದ್ದು ಒಂದೇ ಒಂದು ವಾಕ್ಯ. ಅವನು ಡಾಕ್ಟರ ಕಡೆ ತಿರುಗಿದ.

"ಆಗಲಿ ಡಾಕ್ಟ್ರೇ, ಬರೀ ಗಾಜಿಂದೇ ಕೊಡ್ತೀನಿ. ಇನ್ಮೇಲೆ ಬಣ್ಣದ್ದು ಇಡಲೇಬಾರದು ಅಂತ ನಾನೂ ತೀರ್ಮಾನ ಮಾಡಿದ್ದೀನಿ."

ಬೆನ್ನ ಹಿಂದೆ ಆಡಿದ್ದನ್ನು ಹೇಗೋ ನುಂಗಿಕೊಳ್ಳಬಹುದು. ಎದುರಿಗೇ ನಿಂತು, ಅವಳು ನೋಡುತ್ತಿದ್ದಂತೆಯೇ ಆಡಿದ್ದನ್ನು ನುಂಗುವುದು ಹೇಗೆ? ಬೇಲಿಯೇ ಹೊಲ ಮೇಯುವುದನ್ನು ಕಣ್ಣಾರೆ ಕಂಡವರಿಗೇ ಆ ಸಂಕಟ ಗೊತ್ತು. ಅವಳು ಎದ್ದು ಟ್ಯೂಬನ್ನು ಡಾಕ್ಟರ ಮುಂದಿಟ್ಟಳು.

"ಡಾಕ್ಟ್ರೇ, ನಿಮ್ಮ ತೊಟ್ಟಿಯ ಎಡ ಮೂಲೇಲಿ ಒಳಗೆ ಒಂದು ಬಿಳಿ ಗೆರೆ ಇದೆ. ಅದು ಈ ಅಂಟು. ಅಕ್ಷರ ನನ್ನದು, ಹಚ್ಚಿದ ಕೈ ನನ್ನದಲ್ಲ. ನನ್ನ ಬಣ್ಣ ಹೊರಗಿದೆ, ಅದಕ್ಕೆ ನೀರು ಸೋಕಿಲ್ಲ. ನಂಬಿಕೆ ಬರದಿದ್ರೆ ಇವನನ್ನ ಕೇಳಿ." ಅವಳು ತೋರಿಸಿದ್ದು ಅಣ್ಣನನ್ನಲ್ಲ, ಬಾಗಿಲೆದುರಿನ ದೊಡ್ಡ ತೊಟ್ಟಿಯ ಗಾಜಿಗೆ ಬಾಯಿ ಅಂಟಿಸಿಕೊಂಡಿದ್ದ, ಎಲ್ಲರೂ ತಾತ ಅಂತ ಕರೆಯುವ ಕರಿ ಮೀನನ್ನು. "ನಾನು ಬರೆದ ಮೊದಲನೇ ತೊಟ್ಟಿ ಅದು. ಹನ್ನೆರಡು ವರ್ಷದಿಂದ ಈ ತಾತ ಅದರಲ್ಲೇ ಇದ್ದಾನೆ. ನಮ್ಮಣ್ಣ ದಿನಾ ಕೈಯಾರೆ ಊಟ ಹಾಕ್ತಾನೆ."

ಡಾಕ್ಟರು ಮೀನನ್ನು ನೋಡಿದರು. ಟ್ಯೂಬು ಎತ್ತಿ ಓದಿದರು. ಆಮೇಲೆ ಮೀನಣ್ಣನನ್ನು ನೋಡಿದರು. ಅವನು ನೆಲ ನೋಡುತ್ತಿದ್ದ. "ನಾಳೆ ನೋಡೋಣ," ಅಂದು ಡಾಕ್ಟರು ತೊಟ್ಟಿ ಕೊಳ್ಳದೆ ಹೊರಟುಹೋದರು.

"ಶಾಲೆಯವರಿಗೆ ನಾಳೆ ನಾನೇ ಫೋನ್ ಮಾಡ್ತೀನಿ," ಅಂದ ಮೀನಣ್ಣ. "ಎಲ್ಲರಿಗೂ ಹೇಳ್ತೀನಿ. ಎಲ್ಲ ಸರಿಮಾಡ್ತೀನಿ."

"ಗಾಜಿಗೆ ಮೊದಲು ಹಚ್ಚಿದ್ದೇ ಮುಂದೆ ಕಾಣೋದು ಅಣ್ಣಾ," ಅಂದಳು ಅವಳು. "ಆಮೇಲೆ ನೀನು ಏನು ಹಚ್ಚಿದ್ರೂ ಅದರ ಹಿಂದೇನೇ."

ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಗಳನ್ನು ಚೀಲಕ್ಕೆ ಹಾಕಿ, ಹನ್ನೆರಡು ವರ್ಷ ಗೂಟಕ್ಕೆ ತೂಗಿದ್ದ ಬಣ್ಣದ ಕಲೆಯ ಅಂಗಿಯನ್ನು ತೆಗೆದುಕೊಂಡಳು. ಹೊಸ್ತಿಲು ದಾಟುವಾಗ ಹಿಂದಿನಿಂದ "ಪುಟ್ಟಿ" ಅಂತ ಕೇಳಿಸಿತು. ಅವಳು ನಿಂತಳು. ಒಂದು ಮಾತು, ಬರೀ ತಪ್ಪಾಯ್ತು ಅನ್ನುವ ಒಂದು ಮಾತು ಬಂದಿದ್ದರೆ ಚೀಲ ಕೆಳಗಿಡುತ್ತಿದ್ದಳೋ ಏನೋ.

"ಹಿಂದಿನ ಕೋಣೇಲಿ ಎರಡು ತೊಟ್ಟಿ ಅರ್ಧಕ್ಕೇ ನಿಂತಿವೆಯಲ್ಲ," ಅಂದ ಅವನು, "ಅವನ್ನ ಯಾರು ಮುಗಿಸ್ತಾರೆ?"

ಬೆಳಿಗ್ಗೆಯಿಂದ ಬಾರದ ಅಳು ಅವಳಿಗೆ ಆಗ ಬಂತು.