ತೂಫಾನು ಎಂಬ ಮಾತು

"ಅಪ್ಪನ ಫೋನು" ಎಂದು ವಸಂತಿ ಏದುಸಿರು ಬಿಡುತ್ತ ಬಂದಾಗ ಹರಿಣಾಕ್ಷಿ ನಾಸಿಕದ ತಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ಇಡ್ಲಿ ಹಿಟ್ಟಿಗೆ ಉಪ್ಪು ಬೆರೆಸುತ್ತಿದ್ದಳು. ಪಕ್ಕದ ಔಷಧಿ ಅಂಗಡಿಗೆ ಔರಂಗಾಬಾದಿನಿಂದ ಟ್ರಂಕ್ ಕಾಲ್ ಬಂದಿತ್ತು.

"ಮಧ್ಯಾಹ್ನದ ಬಸ್ಸಿಗೆ ಬರೋದಿಲ್ಲಂತೆ. ಇಲ್ಲಿ ತೂಫಾನ್ ಅಂದ್ರು. ಶೀನ ಅಳ್ತಾ ಇದ್ದ. ಆಮೇಲೆ ಲೈನ್ ಕಟ್ ಝಾಲಿ, ಅಮ್ಮ."

ಅಲ್ಲಿರುವ ತನ್ನ ಅಣ್ಣನ ಮನೆಯ ತೊಟ್ಟಿಲ ಶಾಸ್ತ್ರಕ್ಕೆಂದು ಗಂಡ ರತ್ನಾಕರ ಮೂರು ವರ್ಷದ ಮಗ ಶೀನನನ್ನು ಕರೆದುಕೊಂಡು ಹೋಗಿ ಎರಡು ದಿನವಾಗಿತ್ತು. ಹರಿಣಾಕ್ಷಿ ಅಲ್ಲೇ ನೆಲದ ಮೇಲೆ ಕುಳಿತಳು. ಔರಂಗಾಬಾದಿನಲ್ಲಿ ಕಡಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ತೂಫಾನು ಎಂಬ ಆ ಮಾತೇ ಸಾಕಾಯಿತು.

ಗಂಡಸರು ಕಡಲಿನಲ್ಲಿರುವಾಗ ಮಲ್ಪೆಯ ಅವಳ ಮನೆಯಲ್ಲಿ ಯಾರೂ ಆ ಶಬ್ದ ಎತ್ತುತ್ತಿರಲಿಲ್ಲ. ತೆಂಗಿನ ಮರಗಳು ನೆಲಕ್ಕೆ ಬಾಗಿದರೂ ಗಾಳಿ ಸ್ವಲ್ಪ ಜೋರುಂಟು ಎನ್ನುತ್ತಿದ್ದರು, ಅಷ್ಟೆ. ತೂಫಾನು ಎಂಬುದು ದೋಣಿ ಮರಳದೆ ಹೋದ ಮೇಲೆ ಆಡುವ ಮಾತು. ಅವಳಿಗೆ ಹತ್ತು ವರ್ಷವಾಗಿದ್ದಾಗ ದೊಡ್ಡಪ್ಪ ಅಂಗಳದಲ್ಲಿ ನಿಂತು ಅದನ್ನು ಹೇಳಿದರು. ತಾಯಿ ಏನೂ ಕೇಳದೆ ಉರಿಯುವ ಒಲೆಗೆ ನೀರು ಸುರಿದಳು. ಅಪ್ಪನ ದೋಣಿಯ ಒಂದು ಹಲಗೆಯೂ ಸಿಗಲಿಲ್ಲ.

ಹಿಟ್ಟನ್ನು ಅಡಿಗೆಯ ಭುಜಂಗನಿಗೆ ಒಪ್ಪಿಸಿ, ಮಗಳ ಕೈಹಿಡಿದು ಬಸ್ ಸ್ಟ್ಯಾಂಡಿಗೆ ಹೋದಳು. ಮೇ ತಿಂಗಳ ಬಿಸಿಲು. ನಾಸಿಕದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅದನ್ನು ನೋಡಿ ಅವಳ ಹೆದರಿಕೆ ಹೆಚ್ಚಾಯಿತು. ಅವಳ ಅಪ್ಪ ಕಡಲಿಗೆ ಹೋದ ಬೆಳಿಗ್ಗೆಯೂ ಹೀಗೇ ಇತ್ತು.

ವಿಚಾರಣೆಯ ಕಿಟಕಿಯಲ್ಲಿ ತನ್ನ ಹರಕು ಮರಾಠಿಯಲ್ಲಿ, ಔರಂಗಾಬಾದಿನಲ್ಲಿ ಗಾಳಿ ಇದೆಯೇ ಎಂದು ಕೇಳಿದಳು. ಗುಮಾಸ್ತ ತಲೆ ಮೇಲಿನ ಫ್ಯಾನು ನೋಡಿ, ಇಲ್ಲೇ ಇಲ್ಲ, ಅಲ್ಲೆಲ್ಲಿಂದ ಎಂದ. ಹಿಂದಿನವರು ತಳ್ಳುತ್ತಿದ್ದರು. ವಸಂತಿ ಆ ಶಬ್ದ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹರಿಣಾಕ್ಷಿ ಅವಳ ಕೈ ಅದುಮಿದಳು. ಕೊನೆಗೆ ತಾನೇ ಹೇಳಿದಳು.

"ತೂಫಾನು."

"ಹೋ, ತುಫಾನ್ ಗರ್ದಿ ಆಹೆ" ಎಂದು, ಮದುವೆ ದಿನಗಳು ಎಂಬರ್ಥದಲ್ಲಿ ಏನೋ ಹೇಳಿ ಅವನು ಮುಂದಿನವರತ್ತ ತಿರುಗಿದ.

"ಗರ್ದಿ ಅಂದ್ರೆ ಜನ, ಅಮ್ಮ. ತುಂಬಾ ಜನ ಸೇರಿದ್ರೆ ಇಲ್ಲಿ ಹಾಗೆ ಅಂತಾರೆ. ಅಪ್ಪನೂ ಅದನ್ನೇ ಹೇಳ್ಲಿಕ್ಕೆ ಹೊರಟಿದ್ರು."

"ಗಾಳಿ ಅಲ್ವಾ?"

"ಅಲ್ಲ."

"ಮತ್ತೆ ಮಗು ಯಾಕೆ ಅತ್ತದ್ದು?"

ವಸಂತಿ ಅವಳ ಸೆರಗು ಹಿಡಿದು ಎಳೆದಳು.

ಮನೆಗೆ ಹೋಗೋಣವೆಂದು ಮಗಳು ಎರಡು ಸಲ ಕೇಳಿದಳು. ಹರಿಣಾಕ್ಷಿ ಕಲ್ಲುಬೆಂಚಿನಿಂದ ಏಳಲಿಲ್ಲ. ಔರಂಗಾಬಾದಿನ ದಾರಿಯ ನಿಫಾಡ್ ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ, ಕೊನೆಯವನು ಇಳಿಯುವವರೆಗೆ ನಿಂತು, ಮರಳಿ ಬಂದು ಕೂರುತ್ತಿದ್ದಳು.

ಹೊತ್ತು ಮುಳುಗುವಾಗ ಬಂದ ಬಸ್ಸಿನಿಂದ ರತ್ನಾಕರ ಇಳಿದ. ಅಂಗಿಯ ತೋಳು ಹರಿದಿತ್ತು. ಹೆಗಲ ಮೇಲೆ ಶೀನ ನಿದ್ದೆ ಹೋಗಿದ್ದ. ಫೋನಿನ ಹೊತ್ತಿಗೆ ಮಗು ಅತ್ತದ್ದು ಹಸಿವಿಗೆ ಎಂದು ಹೇಳಿ ಅವನು ನಗಲು ನೋಡಿದ. ಹೆಂಡತಿಯ ಮುಖ ಕಂಡು ತಗ್ಗಿದ ದನಿಯಲ್ಲಿ ಹೇಳಿದ:

"ಆಮೇಲೆ ಬಸ್ ಹತ್ತುವಾಗ ನೂಕಾಟದಲ್ಲಿ ಇವನ ಕೈ ತಪ್ಪಿತು, ಹರಿಣಾಕ್ಷಿ. ಕಾಲು ಗಂಟೆ ಸಿಗಲೇ ಇಲ್ಲ. ಯಾರೋ ಅಜ್ಜಿ ಎತ್ತಿಕೊಂಡು ನಿಂತಿದ್ರು."

ಅವಳು ಮಗುವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಅವನ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು. ಧೂಳು ಮೆತ್ತಿದ ಇನ್ನೊಂದು ಪಾದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳು ಮನೆಯ ದಾರಿ ಹಿಡಿದಳು.