ಅಳಿಯ ತೆಗೆದ ಗೆರೆಗಳು

ಬೆಳಿಗ್ಗೆ ಹತ್ತರ ಹೊತ್ತಿಗೆ ಬಣ್ಣದಮ್ಮನಿಗೆ ದಬ್ಬಣದ ಫೋನ್ ಬಂತು. ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಒಂದೇ ತೊಟ್ಟಿಯ ಆಚೆ ಈಚೆ ನಿಂತು ಬಟ್ಟೆ ತಿರುವಿದ ಗೆಳತಿ. ಮೈಯಲ್ಲಿ ಮಾಂಸವಿಲ್ಲ, ಮಾತೆಲ್ಲ ಮೊನೆ. ಅದಕ್ಕೇ ಆ ಅಡ್ಡಹೆಸರು. ಫೋನ್ ಎತ್ತಿದ ಕೂಡಲೇ ಬೈಗುಳದಿಂದಲೇ ಶುರು ಮಾಡುವವಳು ಅವತ್ತು ಬೈಯಲಿಲ್ಲ. ಬೈಯಲಿಲ್ಲವಲ್ಲ ಎಂದೇ ಬಣ್ಣದಮ್ಮ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕಿವಿಗೊಟ್ಟಳು.

“ನನ್ನ ಸೊಸೆ ಮೂರು ದಿನ ಆಸ್ಪತ್ರೇಲಿದ್ಲು ಕಣೆ,” ಅಂದಳು ದಬ್ಬಣ. “ನೀನು ಬರೆದ ಹಾಗೇ ಮಾಡಿದ್ಲು.”

ಉಳಿದದ್ದನ್ನು ಅವಳು ಬೇರೆ ಯಾರ ಮನೆಯ ವಿಷಯವೋ ಎನ್ನುವಂತೆ ಹೇಳಿದಳು. ಸೊಸೆ ಹಳೆಯ ಹೊದಿಕೆಯೊಂದರ ಬಣ್ಣ ತೆಗೆದು ಹೊಸ ಬಣ್ಣ ಹಾಕಲು ಹೊರಟಿದ್ದಳು. ಬಣ್ಣದಮ್ಮನ ಬ್ಲಾಗ್ ತೆರೆದು, ಮೊಬೈಲನ್ನು ಬಚ್ಚಲಿನ ಗೂಡಿನಲ್ಲಿ ಒರಗಿಸಿಟ್ಟು, ಒಂದೊಂದೇ ಸಾಲು ಓದುತ್ತ ಮಾಡಿದ್ದಳು. ವಾಸನೆ ಹೋಗದಿದ್ದರೆ ಬ್ಲೀಚ್ ಮೇಲೆಯೇ ವಿನೆಗರ್ ಸುರಿಯಿರಿ ಅಂತ ಇತ್ತು, ಸುರಿದಳು. ಹೊಗೆ ಮನೆಗೆ ಹರಡದಂತೆ ಬಾಗಿಲು ಹಾಕಿಕೊಳ್ಳಿ ಅಂತ ಇತ್ತು, ಹಾಕಿಕೊಂಡಳು. ಅವಳ ಪುಣ್ಯಕ್ಕೆ ಗಂಡ ಮನೆಯಲ್ಲಿದ್ದ. ಕೆಮ್ಮು ಕೇಳಿ ಬಾಗಿಲು ಒದ್ದು ಹೊರಗೆಳೆದ. ಈಗ ಮನೆಗೆ ಬಂದಿದ್ದಾಳೆ. ಆದರೆ ಗಂಟಲಲ್ಲಿ ದನಿಯಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

“ನಾನು ಹಾಗೆ ಬರೆಯೋಳೇನೆ?”

“ನಂಗೆ ಓದಕ್ಕೆ ಬರಲ್ಲ, ನಿಂಗೆ ಗೊತ್ತು. ಮಗ ಓದಿ ಹೇಳಿದ. ಕೆಳಗೆ ನಿನ್ನ ಹೆಸರೇ ಇದೆಯಂತೆ.” ಅಷ್ಟು ಹೇಳಿ ದಬ್ಬಣ ಫೋನಿಟ್ಟಳು.

ಬಣ್ಣದಮ್ಮ ಕನ್ನಡಕ ಹುಡುಕಿ ತನ್ನ ಬ್ಲಾಗನ್ನೇ ತೆರೆದಳು. ಬೂದಿ ಬಣ್ಣದ ಸಣ್ಣ ಅಕ್ಷರಗಳು, ಗೋಡೆಯ ಮೇಲೆ ಹೊರಟ ಇರುವೆ ಸಾಲಿನ ಹಾಗೆ. ಎರಡು ಬೆರಳಿನಿಂದ ಹಿಗ್ಗಿಸಿ ಓದಿದಳು. ಮಾಡಬೇಕಾದದ್ದು, ಮಾಡಬಾರದ್ದು, ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ, ಒಂದರ ಹಿಂದೊಂದು. ಅವಳು ಎಳೆದಿದ್ದ ಗೆರೆಗಳು ಒಂದೂ ಇರಲಿಲ್ಲ.

ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ತೊಟ್ಟಿಗಳ ನಡುವಿನ ಕಪ್ಪು ಹಲಗೆಯ ಮೇಲೆ ಮೇಸ್ತ್ರಿ ಆವತ್ತಿನ ಕೆಲಸವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ನೀರಿನ ಬಿಸಿಯನ್ನು ಆನೆ ಗಾತ್ರದ ಅಂಕಿಯಲ್ಲಿ ಬರೆದು, ಪ್ರತಿಯೊಂದು ಹಂತದ ಕೆಳಗೂ ಜನ ಸಾಮಾನ್ಯವಾಗಿ ಮಾಡುವ ತಪ್ಪನ್ನು ಪೂರ್ತಿ ಬರೆದು, ಅದರ ಹೊಟ್ಟೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯುತ್ತಿದ್ದ. ತಪ್ಪು ಹೇಗಿರುತ್ತದೆ ಎಂದು ಕಣ್ಣಾರೆ ಕಂಡರೇ ಹೊಸಬರಿಗೆ ತಲೆಗೆ ಹತ್ತುವುದು ಎಂದು ಅವನ ವಾದ. ಗೆರೆ ಬಿದ್ದದ್ದನ್ನು ಮುಟ್ಟಿದರೆ ಕೈ ಹೋದಂತೆಯೇ, ಇದು ಆ ಶೆಡ್ಡಿನಲ್ಲಿ ಕಸ ಗುಡಿಸುವವರಿಗೂ ಗೊತ್ತಿತ್ತು. ಮೇಸ್ತ್ರಿ ಹೋದ ಮೇಲೆ ಹನ್ನೊಂದು ವರ್ಷ ಆ ಹಲಗೆ ಬರೆದವಳು ಬಣ್ಣದಮ್ಮನೇ. ಕಾರ್ಖಾನೆ ಮುಚ್ಚಿತು. ಜೊತೆಯವರು ಮನೆಮನೆಯಲ್ಲಿ ಬಕೆಟ್ಟು ಇಟ್ಟುಕೊಂಡು ಬಣ್ಣ ಹಾಕತೊಡಗಿದಾಗ ಅವರಿಗೆಂದು ಬ್ಲಾಗ್ ಶುರು ಮಾಡಿದಳು. ಅಕ್ಷರ ದೊಡ್ಡದು ಮಾಡುವ ಬಟನ್, ಕೆಂಪು ಮಾಡುವ ಬಟನ್, ನಡುವೆ ಗೆರೆ ಎಳೆಯುವ ಬಟನ್, ಮೂರನ್ನೇ ಕಲಿತಳು. ಅವಳ ಹಲಗೆಗೆ ಅಷ್ಟು ಸಾಕಾಗಿತ್ತು.

ಹೋದ ತಿಂಗಳು ಅಳಿಯ ಮನೆಗೆ ಬಂದವನು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಿದ್ದ. ಸಂತೆಯ ಬೋರ್ಡಿನ ಹಾಗಿದೆ ಅತ್ತೆ, ಸ್ವಲ್ಪ ಮುಖ ತೊಳೆಸಿಕೊಡ್ತೀನಿ ಎಂದು ಪಾಸ್‌ವರ್ಡ್ ತೆಗೆದುಕೊಂಡು ಹೋದ. ಅವನ ಕಸುಬೇ ಅದು, ಅಂಗಡಿ ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು. ಎರಡು ದಿನದಲ್ಲಿ ಆಯಿತು ನೋಡಿ ಅಂದ. ಬಣ್ಣದಮ್ಮ ನೋಡಿದಳು, ಇರುವೆ ಸಾಲು ಕಂಡಿತು, ಹಿಡಿಸಲಿಲ್ಲ. ಆದರೆ ಅಳಿಯನ ಮನಸ್ಸು ನೋಯಿಸುವುದೇಕೆ ಎಂದು ಹೊಟ್ಟೆಗೆ ಹಾಕಿಕೊಂಡು, ಚೆನ್ನಾಗಿದೆಯಪ್ಪಾ ಅಂದಳು. ಕೊನೆಯವರೆಗೆ ಓದಲಿಲ್ಲ.

ಈಗ ಅಳಿಯನಿಗೆ ಫೋನ್ ಮಾಡಿದಳು. ಮೀಟಿಂಗ್‌ನಲ್ಲಿದ್ದೀನಿ ಅತ್ತೆ, ಆಮೇಲೆ ಮಾಡ್ತೀನಿ ಎಂದು ಇಟ್ಟ. ಮತ್ತೆ ಮಾಡಿದಳು, ಕತ್ತರಿಸಿದ. ಮೂರನೆಯದಕ್ಕೆ ಸ್ವಿಚ್ ಆಫ್. ಅಷ್ಟರಲ್ಲಿ ಪುಟದ ಕೆಳಗೆ ಹೊಸದೊಂದು ಮಾತು ಬಂದು ಕುಳಿತಿತ್ತು. ಯಾರೋ ಹೆಣ್ಣುಮಗಳು, ‘ತುಂಬಾ ಉಪಯೋಗ ಆಯ್ತು ಅಮ್ಮಾ, ಇವತ್ತು ಮಧ್ಯಾಹ್ನ ಮಾಡಿ ನೋಡ್ತೀನಿ’ ಎಂದು ಬರೆದಿದ್ದಳು. ಬಣ್ಣದಮ್ಮ ‘ಮಾಡಬೇಡ ಮಗಳೇ’ ಎಂದು ಉತ್ತರ ಒತ್ತಿದಳು. ಉತ್ತರಿಸಲು ನಿರ್ವಾಹಕರಿಗೆ ಮಾತ್ರ ಅವಕಾಶ, ಪಾಸ್‌ವರ್ಡ್ ಹಾಕಿ ಎಂದು ಪುಟ ಹೇಳಿತು. ಹಳೆಯ ಪಾಸ್‌ವರ್ಡ್ ಹಾಕಿದಳು, ಒಪ್ಪಲಿಲ್ಲ, ಅಳಿಯ ಅದನ್ನು ಬದಲಾಯಿಸಿದ್ದ. ತನ್ನ ಬ್ಲಾಗಿನಲ್ಲಿ ತನ್ನ ಮಾತಿಗೇ ಅಪ್ಪಣೆ ಬೇಕು. ಚಪ್ಪಲಿ ಮೆಟ್ಟಿ ಹೊರಟಳು.

ಅಳಿಯನ ಆಫೀಸು ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗ ಕಬ್ಬಿಣದ ಕಂಬಿ ಹಿಡಿದು ಎರಡು ಸಲ ನಿಂತಳು. ಒಳಕೋಣೆಯಲ್ಲಿ ಅಳಿಯ ಎದ್ದುನಿಂತು ಮಾತಾಡುತ್ತಿದ್ದ. ಎದುರಿನ ಕುರ್ಚಿಯಲ್ಲಿ ಬೋಳುತಲೆಯ ದೊಡ್ಡ ಮನುಷ್ಯರೊಬ್ಬರು ಹೊಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದರು. ಗೋಡೆಯ ದೊಡ್ಡ ಪರದೆಯ ಮೇಲಿದ್ದದ್ದು ಬಣ್ಣದಮ್ಮನ ಬ್ಲಾಗ್. ಎಡಕ್ಕೆ ಮೊದಲಿನದು, ಬಲಕ್ಕೆ ಈಗಿನದು. ಹೇಗಿದ್ದದ್ದನ್ನು ಹೇಗೆ ಮಾಡಿದ್ದೇನೆ ನೋಡಿ ಎಂದು ಅವನು ಮಾದರಿ ತೋರಿಸುತ್ತಿದ್ದ.

“ಅಳಿಯಂದಿರೇ, ಅದನ್ನ ಈಗಲೇ ತೆಗೀರಿ,” ಅಂದಳು ಬಾಗಿಲಲ್ಲೇ ನಿಂತು.

ಅಳಿಯ ನಕ್ಕ, ಬಂದವರಿಗೆ ಪರಿಚಯಿಸಿದ. ಇವರೇ ನಮ್ಮತ್ತೆ, ಇವರದೇ ಬರಹ. ಅತ್ತೆ, ಇವರು ಔಷಧಿ ಅಂಗಡಿಗಳ ಯಜಮಾನರು, ಊರಿಗೆಲ್ಲ ಆರು ಅಂಗಡಿ. ಅರ್ಧ ಗಂಟೆ ಹೊರಗೆ ಕೂತಿರಿ, ಆಮೇಲೆ ಮಾತಾಡೋಣ ಎಂದು ಅವಳ ಮೊಣಕೈ ಹಿಡಿದು ತಿರುಗಿಸಲು ಬಂದ. ಬಣ್ಣದಮ್ಮ ಮೊಣಕೈ ಕೊಡಲಿಲ್ಲ. ದಬ್ಬಣದ ಸೊಸೆಯ ವಿಷಯವನ್ನು ಅಲ್ಲೇ, ಮೂರೇ ಮಾತಿನಲ್ಲಿ ಹೇಳಿದಳು.

ಅಳಿಯನ ಮುಖ ಕಪ್ಪಿಟ್ಟಿತು. ಆದರೆ ಯಜಮಾನರು ಕೇಳಿಸಿಕೊಳ್ಳುತ್ತಿದ್ದರು, ಸಿಟ್ಟು ತೋರಿಸುವಂತಿರಲಿಲ್ಲ.

“ಅತ್ತೆ, ನಾನು ಒಂದಕ್ಷರಾನೂ ಬದಲಾಯಿಸಿಲ್ಲ,” ಅಂದ. “ಎಲ್ಲಾ ನೀವು ಬರೆದದ್ದೇ. ಅಲಂಕಾರ ಮಾತ್ರ ಒಂದು ಬಟನ್ ಒತ್ತಿ ತೆಗೆದೆ.”

“ಗೆರೆ ಅಲಂಕಾರಾನಾ?”

“ಗೀಚಿದ ಹಾಗೆ ಕಾಣ್ತಿತ್ತು. ಬೇಡ ಅಂತ ಹೊಡೆದುಹಾಕಿದ್ದನ್ನ ಅಳಿಸೋಕೆ ಮರೆತಿದ್ದೀರಿ ಅಂದ್ಕೊಂಡೆ.”

“ಬೇಡ ಅಂತ ಹೊಡೆದದ್ದು ಅಂತ ಗೊತ್ತಾಯ್ತಲ್ಲ. ಮತ್ತೆ ಗೆರೆ ತೆಗೆದು ಮಾತನ್ನ ಉಳಿಸಿದ್ರಲ್ಲ, ಓದಿದ್ರಾ ಅದನ್ನ?”

ಅವನು ಪರದೆಯ ಕಡೆ ತಿರುಗಿ ಓದತೊಡಗಿದ. ಅಲ್ಲಿಯವರೆಗೆ ಓದಿರಲಿಲ್ಲ. ಎರಡು ದಿನ ಕೂತು ತನ್ನ ಅಕ್ಷರಗಳ ಮೇಲೆ ಬಣ್ಣ ಗಾತ್ರ ಎಲ್ಲ ಅಳೆದು ಸುರಿದವನು ಒಂದು ಸಾಲನ್ನೂ ಓದಿಲ್ಲ ಎಂದು ತಿಳಿದದ್ದೇ ಬಣ್ಣದಮ್ಮನ ತಾಳ್ಮೆಗಿದ್ದ ಕೊನೆಯ ಎಳೆಯೂ ಹರಿಯಿತು. ಮದುವೆಯಾದ ದಿನದಿಂದ ಅವನಿಗೆ ಏರಿಸಿ ಒಂದು ಮಾತು ಆಡಿದವಳಲ್ಲ. ಈಗಲೂ ದನಿ ಏರಿಸಲಿಲ್ಲ. ಯಜಮಾನರ ಕಡೆ ತಿರುಗಿದಳು.

“ಸ್ವಾಮಿ, ನಿಮ್ಮ ಔಷಧಿ ಡಬ್ಬಿ ಮೇಲೆ ಮಕ್ಕಳಿಗೆ ಕೊಡಬಾರದು ಅಂತ ಕೆಂಪಗೆ ಬರೆದಿರ್ತೀರಲ್ಲ. ಇವರ ಕೈಗೆ ಕೊಟ್ರೆ ಅದೂ ಬೂದಿ ಬಣ್ಣಕ್ಕೆ ತಿರುಗುತ್ತೆ. ನೋಡೋಕೆ ಮಾತ್ರ ಬಲು ಚೆಂದ.”

ಯಜಮಾನರು ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಹೋದರು. ಎಡಗಡೆಯದನ್ನು ಓದಿದರು, ಬಲಗಡೆಯದನ್ನು ಓದಿದರು, ಮತ್ತೆ ಎಡಗಡೆಯದನ್ನು ಓದಿದರು. ಬ್ಲೀಚಿಗೆ ವಿನೆಗರ್ ಬಿದ್ದರೆ ಏನಾಗುತ್ತದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇನ್ನೊಂದು ದಿನ ಬರ್ತೀನಿ ಎಂದು ಚೀಲ ಎತ್ತಿಕೊಂಡು ಇಳಿದುಹೋದರು. ಆ ಇನ್ನೊಂದು ದಿನ ಬರುವುದೇ ಇಲ್ಲವೆಂದು ಮೂವರಿಗೂ ಗೊತ್ತಿತ್ತು.

“ಆರು ತಿಂಗಳಿಂದ ಹಿಂದೆ ಬಿದ್ದಿದ್ದೆ ಅತ್ತೆ,” ಅಂದ ಅಳಿಯ. “ನನ್ನ ಹೊಟ್ಟೆ ಮೇಲೆ ಹೊಡೆದ್ರಿ.”

“ಆ ಹುಡುಗಿಗೆ ಉಸಿರಾಡಕ್ಕೇ ಆಗ್ತಿಲ್ಲ. ತೆಗೀತೀರೋ, ನಾನೇ ಕೂರಲೋ?”

ಅವನು ತೆಗೆದ. ಪುಟ ಪರದೆಯಿಂದ ಮಾಯವಾಯಿತು. ಮಧ್ಯಾಹ್ನ ಮಾಡ್ತೀನಿ ಎಂದಿದ್ದ ಹೆಣ್ಣುಮಗಳ ಇಮೇಲಿಗೆ ಮೊದಲು ಉತ್ತರ ಹೋಗಲಿ ಎಂದಳು. ಹೋಯಿತು. ಅವಳಿಂದ ‘ಅಯ್ಯೋ, ಸರಿ ಅಮ್ಮಾ’ ಎಂದು ಬರುವವರೆಗೆ ಬಣ್ಣದಮ್ಮ ಕೂರಲೂ ಇಲ್ಲ, ನೀರೂ ಮುಟ್ಟಲಿಲ್ಲ.

ಆಮೇಲೆ ಹಳೆಯದನ್ನೇ ಗೆರೆಗಳ ಸಮೇತ ಹಾಕಿಬಿಡಲೇ ಎಂದು ಅಳಿಯ ಕೇಳಿದ. ಅವನು ಸೋತು ಕೇಳಿದ್ದ, ಹೂಂ ಅಂದರೆ ಮುಗಿಯುತ್ತಿತ್ತು. ಬಣ್ಣದಮ್ಮ ಹೂಂ ಅನ್ನಲಿಲ್ಲ. ದಬ್ಬಣದ ಸೊಸೆ ಶೆಡ್ಡಿನ ಮುಖವನ್ನೇ ಕಂಡವಳಲ್ಲ. ಗೆರೆ ಇದ್ದಿದ್ದರೂ ಅವಳಿಗೆ ಏನೆಂದು ಅರ್ಥವಾಗುತ್ತಿತ್ತೋ. ಹಲಗೆಯ ಮುಂದೆ ನಿಂತವರು ಮಾತ್ರ ಓದುತ್ತಾರೆ ಅಂದುಕೊಂಡದ್ದು ತಾನೇ. ಅಳಿಯನ ಮೇಲಿದ್ದ ಸಿಟ್ಟು ಇದರಿಂದ ಕಾಸಿನಷ್ಟೂ ಇಳಿಯಲಿಲ್ಲ, ಪಕ್ಕದಲ್ಲಿ ತನ್ನ ಮೇಲಿನದೂ ಒಂದು ಬಂದು ಕೂತಿತು, ಅಷ್ಟೇ.

“ತಪ್ಪು ದಾರಿಗಳನ್ನೆಲ್ಲ ಕಿತ್ತುಹಾಕಿ,” ಅಂದಳು. “ಬ್ಲೀಚಿಗೆ ವಿನೆಗರ್ ಸೇರಿಸಬಾರದು, ವಿಷದ ಗಾಳಿ ಬರುತ್ತೆ ಅಂತ ಬಾಯಿಬಿಟ್ಟು ಬರೀರಿ. ಗೆರೆ, ಬಣ್ಣ ಎಲ್ಲಾ ತೆಗೆದ್ರೂ ಅದು ಅದೇ ಮಾತಾಗಿರಬೇಕು. ಆಮೇಲೆ ದೊಡ್ಡದು ಮಾಡಿ.”

ಅವನು ಬರೆದ, ದೊಡ್ಡದು ಮಾಡಿದ. ಇನ್ನೂ ಅಂದಳು. ಇನ್ನೂ ಮಾಡಿದ. ಅಷ್ಟರಲ್ಲಿ ಮಗಳ ಫೋನ್ ಬಂತು, ಗಂಡನ ಗಿರಾಕಿಯನ್ನು ಓಡಿಸಿದೆಯಂತಲ್ಲಮ್ಮಾ ಎಂದು. ಅವನು ಯಾವ ಮಾಯದಲ್ಲಿ ಸುದ್ದಿ ಕಳಿಸಿದ್ದನೋ. ಓಡಿಸಿದೆ, ಮನೆಗೆ ಬಂದು ಬೈ, ಈಗ ಕೆಲಸವಿದೆ ಎಂದು ಬಣ್ಣದಮ್ಮ ಫೋನಿಟ್ಟಳು.

ಕೆಲಸ ಮುಗಿಯಿತೆಂದು ಅಳಿಯ ಕಂಪ್ಯೂಟರ್ ಮುಚ್ಚಲು ಹೋದಾಗ, ಇಷ್ಟು ದಿನ ಯಾರ್‍ಯಾರು ಓದಿದ್ದಾರೆ ತಿಳಿಯುತ್ತದೆಯೇ ಎಂದು ಕೇಳಿದಳು. ಹೆಸರು ತಿಳಿಯುವುದಿಲ್ಲ, ಆದರೆ ಪೂರ್ತಿ ನಕಲು ಮಾಡಿ ತಮ್ಮ ಪುಟದಲ್ಲಿ ಹಾಕಿಕೊಂಡವರನ್ನು ಹುಡುಕಬಹುದು ಎಂದ. ಹುಡುಕಿದ. ಪಟ್ಟಿ ಪರದೆಯ ಕೆಳಗಿನವರೆಗೂ ಇಳಿಯಿತು, ಇನ್ನೂ ಇಳಿಯಿತು. ಚೆನ್ನಾಗಿ ಕಾಣುತ್ತದೆ ಎಂದೇ ಜನ ಎತ್ತಿಕೊಂಡಿದ್ದರು. ನಲವತ್ತಮೂರು ಕಡೆ. ಆ ನಲವತ್ತಮೂರೂ ಕಡೆ ವಿನೆಗರ್ ಸುರಿಯಿರಿ ಎಂದೇ ಇತ್ತು, ಕೆಳಗೆ ಅವಳ ಹೆಸರಿತ್ತು.

ಅಳಿಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬಣ್ಣದಮ್ಮ ಯಜಮಾನರು ಬಿಟ್ಟುಹೋದ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದು ಕೂತಳು.

“ಒಬ್ಬೊಬ್ಬರಿಗೂ ಬರೀಬೇಕು,” ಅಂದಳು. “ಮೊದಲನೇದು ಶುರು ಮಾಡಿ. ಗೆರೆ ತೆಗೆದವನು ನಾನು ಅಂತ ನಿಮ್ಮ ಹೆಸರಲ್ಲಿ ಬರೀರಿ. ನೋಡಿಯೂ ಓದದೆ ಬಿಟ್ಟವಳು ನಾನು ಅಂತ ನನ್ನ ಹೆಸರಲ್ಲಿ.”

ಅವನು ಬರೆಯತೊಡಗಿದ. ಅವಳು ಕನ್ನಡಕವನ್ನು ಮೂಗಿನ ಮೇಲೆ ಗಟ್ಟಿಯಾಗಿ ಒತ್ತಿಕೊಂಡು, ಅವನು ಒತ್ತಿದ ಒಂದೊಂದು ಅಕ್ಷರವನ್ನೂ ಓದಿದಳು.