ದರ್ಜಿಯಮ್ಮನ ಫೋನು

ಬೇಸಿಗೆ ಮುಗಿಯುತ್ತ ಬಂದಿತ್ತು. ಶಾಲೆ ತೆರೆಯಲು ಇನ್ನು ಹನ್ನೆರಡು ದಿನ, ಮೊದಲ ಮಳೆಗೂ ಹೆಚ್ಚುಕಮ್ಮಿ ಅಷ್ಟೇ. ಹೀಗಾಗಿ ಆ ಮನೆಯಲ್ಲಿ ಯಾರಿಗೂ ತಲೆ ತುರಿಸಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ. ಅಂಗಳದ ಚಪ್ಪರದಡಿ ಬಡಗಿ ಮೇಸ್ತ್ರಿ ಊರಿನವರ ಗುದ್ದಲಿ, ಕೊಡಲಿಗಳಿಗೆ ಹೊಸ ಮರದ ಕಾವು ಕೂರಿಸುತ್ತಿದ್ದರು. ಒಳಕೋಣೆಯಲ್ಲಿ ಸೊಸೆ ಶಾಲೆ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಮಗ ಲಾರಿ ಹತ್ತಿದರೆ ವಾರಕ್ಕೊಮ್ಮೆ ಮುಖ ತೋರಿಸುವವನು.

ಮರ ಕೆತ್ತುತ್ತಿದ್ದರೂ ಮೇಸ್ತ್ರಿಯ ಒಂದು ಕಿವಿ ಒಳಗಿನ ಮಿಷನ್ನಿನ ಮೇಲೇ ಇರುತ್ತಿತ್ತು. ಅದು ನಿಂತಿತೆಂದರೆ ಸೊಸೆ ಫೋನು ಕೈಗೆತ್ತಿಕೊಂಡಳೆಂದು ಅರ್ಥ. ಆಮೇಲೆ ಹೆಂಡತಿಯ ದನಿ ಕೇಳಿಬರುತ್ತಿತ್ತು. “ಇಟ್ಟಿಗೆ ಗೂಡಿನವರ ದೊಡ್ಡ ಮಗ. ಎದೆ ಇಪ್ಪತ್ತೆಂಟು, ಭುಜ ಹದಿಮೂರು. ಬೆಳೆಯೋ ಹುಡುಗ, ವರ್ಷಕ್ಕೆ ಎರಡು ಬೆರಳು ಸೇರಿಸಬೇಕು. ಒಂದು ಹೆಗಲು ಇಳಿಬಿದ್ದಿದೆ, ಅವನ ಮುಂದೆ ಹೇಳಬಾರದು.” ದರ್ಜಿಯಮ್ಮ ಚಳಿಗಾಲದಲ್ಲೇ ಹೋಗಿಬಿಟ್ಟಿದ್ದಳು. ಊರಿನ ಅರ್ಧ ಜನರ ಮೈ ಅಳತೆ ಮಾತ್ರ ಆ ಫೋನಿನಲ್ಲಿ ಅವಳ ದನಿಯಲ್ಲೇ ಉಳಿದಿತ್ತು.

ಈ ದಿನ ಮಿಷನ್ನು ನಿಂತಿತು, ದನಿ ಬರಲಿಲ್ಲ. ಸೊಸೆ ಹೊಸ್ತಿಲಿಗೆ ಬಂದು ನಿಂತಳು. ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದಳು.

ಫೋನಿನ ಗಾಜಿನ ಮೂಲೆಯ ಗೀರು ಬಿರುಕಾಗಿ ಮೇಲೆದ್ದಿದೆಯಂತೆ. ಒತ್ತಿದರೆ ಕೇಳುವುದಿಲ್ಲ, ಒತ್ತಿ ಹಿಡಿದರೆ ಬೆರಳು ಕೊಯ್ಯುತ್ತದಂತೆ. ಬಿಳಿ ಕಾಲರಿನ ಮೇಲೆ ರಕ್ತದ ಹನಿ ಬಿದ್ದು ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತಂತೆ. ಇಷ್ಟನ್ನೂ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಸ್ಕ್ರೀನ್ ಗಾರ್ಡು ತಂದಿಟ್ಟು ಇಪ್ಪತ್ತು ದಿನವಾಯಿತು ಎಂದಳು.

“ನೋಡೋಣ” ಎಂದರು ಮೇಸ್ತ್ರಿ.

“ಮಾವ, ಈ ಮನೇಲಿ ನೋಡೋಣ ಅಂದ್ರೆ ಬೇಡ ಅಂತಲೇ ಅರ್ಥ. ಮದುವೆಯಾಗಿ ಬಂದ ವಾರಕ್ಕೇ ಅತ್ತೆ ಹೇಳಿಕೊಟ್ಟಿದ್ರು.”

ಮೇಸ್ತ್ರಿ ಉಳಿ ಕೆಳಗಿಟ್ಟು, ಕೈಗಂಟಿದ ಹೊಟ್ಟು ಕೊಡವಿ, ಫೋನು ಮತ್ತು ಗಾರ್ಡಿನ ಪೊಟ್ಟಣ ಎರಡನ್ನೂ ಈಸಿಕೊಂಡರು. ಫೋನಿನ ಅಂಗಡಿಯವನಿಗೇ ತೋರಿಸಿಕೊಂಡು ಬರುತ್ತೇನೆಂದು ಚಪ್ಪಲಿ ಮೆಟ್ಟಿದರು.

ಅಂಗಡಿ ಒಂದು ಮೈಲಿ ದೂರ. ಒಣಗಿದ ಹೊಲದ ಬದುವಿನ ಮೇಲೆ ನಡೆಯುತ್ತ ಅವರು ಫೋನನ್ನು ಓರೆ ಮಾಡಿ ಬಿಸಿಲಿಗೆ ಹಿಡಿದರು. ಗೀರುಗಳು ಹೊಳೆದವು. ಹೆಂಡತಿ ಫೋನನ್ನು ಫೋನಿನಂತೆ ಇಟ್ಟುಕೊಂಡವಳೇ ಅಲ್ಲ. ಬಟ್ಟೆಯ ಮೇಲೆ ನಮೂನೆಯ ಕಾಗದ ಹಾಸಿದರೆ ಹಾರದಂತೆ ಅದನ್ನೇ ಭಾರಕ್ಕೆ ಇಡುತ್ತಿದ್ದಳು. ಅದರ ಪಕ್ಕದಲ್ಲೇ ಕತ್ತರಿ ಓಡುತ್ತಿತ್ತು. ಉದ್ದನೆಯ ಬಾಗಿದ ಗೀರು ಕತ್ತರಿಯದು. ಸಣ್ಣ ಗೀರುಗಳ ಗುಂಪು ಅವಳ ಚೀಲದಲ್ಲಿದ್ದ ಗುಂಡುಸೂಜಿಗಳದ್ದು. ಅಡ್ಡಕ್ಕೆ, ಇರುವೆ ಸಾಲಿನ ಹಾಗೆ ಒಂದೇ ಅಂತರದಲ್ಲಿ ಚುಕ್ಕಿಗಳಿದ್ದವು. ಬಟ್ಟೆಯ ಮೇಲೆ ಗುರುತು ಮೂಡಿಸಲು ಉರುಳಿಸುವ ಹಲ್ಲಿನ ಗಾಲಿ ಒಮ್ಮೆ ದಾರಿ ತಪ್ಪಿ ಗಾಜಿನ ಮೇಲೂ ಹಾದುಹೋಗಿತ್ತು. ಹೊಳಪು ಕೊಡುವುದೇ ಕಸುಬಾದ ಮೇಸ್ತ್ರಿ ಆಗೆಲ್ಲ ಗೊಣಗುತ್ತಿದ್ದರು: ಒಂದು ಗಾರ್ಡು ಹಾಕಿಸೇ ಮಾರಾಯ್ತಿ, ಕಣ್ಣಲ್ಲಿ ನೋಡೋಕಾಗಲ್ಲ. ಅವಳು ನಕ್ಕು, ನೋಡಬೇಡಿ, ಮಾತಾಡೋಕೆ ಕೊಂಡಿದ್ದು ಎನ್ನುತ್ತಿದ್ದಳು.

ಅವಳು ಅದನ್ನು ಏಕೆ ಕೊಂಡಳೆಂದು ಮೇಸ್ತ್ರಿಗೆ ಗೊತ್ತಿತ್ತು. ಗೊತ್ತಿದೆಯೆಂದು ಯಾವತ್ತೂ ಬಾಯಿ ಬಿಟ್ಟಿರಲಿಲ್ಲ.

ಏಳು ವರ್ಷದ ಹಿಂದಿನ ಮಾತು. ತಂಗಿಯ ಬಾಣಂತನಕ್ಕೆಂದು ಅವಳು ಹದಿನೈದು ದಿನ ಊರಲ್ಲಿರಲಿಲ್ಲ. ಆ ಹದಿನೈದು ದಿನ ಅವಳು ಬಟ್ಟೆ ಕತ್ತರಿಸುವ ದೊಡ್ಡ ಮೇಜು ಖಾಲಿ ಬಿದ್ದಿತ್ತು. ಮದುವೆಯಾದ ಹೊಸತರಲ್ಲಿ ಮೇಸ್ತ್ರಿಯೇ ಮಾಡಿಕೊಟ್ಟ ಮೇಜು. ಅದರ ಅಂಚೆಲ್ಲ ಕಚ್ಚು ಕಚ್ಚಾಗಿ, ಇಲಿ ಕಡಿದಂತೆ ಕಾಣುತ್ತಿತ್ತು. ತನ್ನ ಕೈಯ ಕೆಲಸ ತನ್ನ ಮನೆಯಲ್ಲೇ ಹೀಗಿರಬೇಕೆ ಎಂದು ಅವರು ಹುರುಪಿನಿಂದ ಕೀಸುಳಿ ಹಿಡಿದರು. ಎರಡು ದಿನ ಕೀಸಿದರು, ಒಂದು ದಿನ ಮರಳು ಕಾಗದ ಉಜ್ಜಿದರು, ಮೂರು ಸಲ ಪಾಲಿಶ್ ಹೊಡೆದರು. ಬಗ್ಗಿದರೆ ಮುಖ ಕಾಣಬೇಕು, ಹಾಗೆ.

ಅವಳು ಬಂದು, ಕೈಚೀಲ ಕೂಡ ಇಳಿಸದೆ, ಮೇಜಿನ ಅಂಚಿನುದ್ದಕ್ಕೂ ಅಂಗೈ ಸವರಿಕೊಂಡು ಹೋದಳು. ಆ ಕಚ್ಚುಗಳು ಅವಳ ಅಳತೆಗಳಾಗಿದ್ದವು. ಬಟ್ಟೆಯ ತುದಿಯನ್ನು ಮೇಜಿನ ಎಡಮೂಲೆಗೆ ಕೂಡಿಸಿ, ಕಚ್ಚಿನವರೆಗೆ ಎಳೆದು ಕತ್ತರಿಸುತ್ತಿದ್ದಳು. ಟೇಪು ಬೇಕಿರಲಿಲ್ಲ, ಪುಸ್ತಕ ಬೇಕಿರಲಿಲ್ಲ. ಒಂದೊಂದು ಮನೆಗೂ ಒಂದೊಂದು ಸಾಲು: ತೋಳಿಗೆ, ಸೊಂಟಕ್ಕೆ, ಉದ್ದಕ್ಕೆ. ಇಪ್ಪತ್ತೆರಡು ವರ್ಷಗಳ ಗಿರಾಕಿಗಳು ಮೂರು ದಿನದಲ್ಲಿ ಮೇಸ್ತ್ರಿಯ ಕಾಲಬುಡದ ಸಿಪ್ಪೆಯಾಗಿ ಒಲೆ ಸೇರಿದ್ದರು.

ಅವಳು ಬೈದಿದ್ದರೆ ಚೆನ್ನಾಗಿತ್ತು. “ಚೆನ್ನಾಗಿ ಬಂದಿದೆ ಮೇಸ್ತ್ರಿ” ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದಳು. ಮುಂದಿನ ವಾರ ಫೋನು ಕೊಂಡಳು. ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಹೊಸದಾಗಿ ಅಳೆದು ಅದಕ್ಕೆ ಹೇಳಿದಳು. ಹೊಸ ಅಂಚಿಗೆ ಕತ್ತರಿಯ ಮೊನೆಯನ್ನು ಮತ್ತೆಂದೂ ತಾಗಿಸಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಮೇಸ್ತ್ರಿಯ ಗಂಟಲಲ್ಲಿ ಏಳು ವರ್ಷ ಕೂತಿತ್ತು. ಮಲಗಿದ್ದ ಕೊನೆಯ ದಿನಗಳಲ್ಲಿ ಒಮ್ಮೆ ಹೇಳಲೆಂದೇ ಪಕ್ಕದಲ್ಲಿ ಕುಳಿತರು. ಅವಳು ದಿಂಬು ಸರಿಮಾಡಿ ಎಂದಳು. ಸರಿಮಾಡಿ ಎದ್ದುಬಂದರು.

ಅಂಗಡಿಯವನು ಫೋನನ್ನು ದೀಪದಡಿ ಹಿಡಿದು ಲೊಚಗುಟ್ಟಿದ. ದನಿಗಳ ಬಗ್ಗೆ ಚಿಂತೆ ಬೇಡ, ಈಗಲೇ ಇನ್ನೊಂದು ಕಡೆ ಇಳಿಸಿಕೊಡುತ್ತೇನೆ ಎಂದು ಹಾಗೇ ಮಾಡಿಯೂ ಕೊಟ್ಟ. ಗಾಜಿನ ಮಾತು ಬೇರೆ. ಹೀಗೇ ಬಿಟ್ಟರೆ ಬಿರುಕು ನಡುವಿಗೆ ಓಡುತ್ತದೆ, ಆಮೇಲೆ ಗಾಜೇ ಬದಲಾಯಿಸಬೇಕು. ಗಾರ್ಡು ಅಂಟಿಸಿದರೆ ತಡೆಯುತ್ತದೆ, ಬೆರಳೂ ಉಳಿಯುತ್ತದೆ.

“ಇನ್ನೊಂದು ಲಾಭ ಇದೆ ಯಜಮಾನ್ರೇ. ಇದರ ಗೋಂದು ಗೀರಿನ ಒಳಗೆಲ್ಲ ತುಂಬ್ಕೊಳ್ಳುತ್ತೆ. ಒಂದೂ ಕಾಣಲ್ಲ, ಹೊಸದರ ಹಾಗೇ.”

ಮೇಸ್ತ್ರಿ ಕೈ ಚಾಚಿ ಫೋನನ್ನು ವಾಪಸು ತೆಗೆದುಕೊಂಡರು. ಅಂಗಡಿಯವನು ಎರಡು ನಿಮಿಷದ ಕೆಲಸ ಎಂದ. “ಗೊತ್ತು. ಮೂರು ದಿನದ್ದೇ ನಾನು ಮಾಡಿದ್ದೀನಿ” ಎಂದು ಹೇಳಿ, ಅವನು ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗಲೇ ಮೆಟ್ಟಿಲಿಳಿದರು.

ಮನೆಗೆ ಬಂದರೆ ಸೊಸೆ ಹೊಲಿಯುತ್ತಲೇ ಇದ್ದಳು. ಹೆಬ್ಬೆರಳಿಗೆ ಚಿಂದಿ ಸುತ್ತಿದ್ದಳು. ಹೊಲಿಗೆ ಓಡುವಾಗ ಬಟ್ಟೆಯನ್ನು ಹಿಡಿಯಲಾಗದೆ ಮೊಣಕೈಯಿಂದ ಒತ್ತಿಕೊಳ್ಳುತ್ತಿದ್ದಳು. ಮೇಸ್ತ್ರಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಕೈ ಹೋದರೆ ಕಸುಬೇ ಹೋಯಿತೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಸಲ ಇದ್ದುದನ್ನು ಅಳಿಸಿ ಹೆಂಡತಿಯ ಕೆಲಸ ಕೆಡಿಸಿದ್ದಾಯಿತು. ಈಗ ಉಳಿಸುತ್ತೇನೆಂದು ಕೂತು ಇವಳದನ್ನು ಕೆಡಿಸುತ್ತಿದ್ದೆನಲ್ಲ ಎನಿಸಿತು.

ಮೇಜಿನ ಬಳಿ ಕುಳಿತು ಎಲ್ಲವನ್ನೂ ಹೇಳಿದರು. ಕೀಸುಳಿ, ಪಾಲಿಶ್, ಒಲೆಗೆ ಹೋದ ಸಿಪ್ಪೆ, ಯಾವುದನ್ನೂ ಬಿಡಲಿಲ್ಲ. ಸೊಸೆ ಮಿಷನ್ನು ನಿಲ್ಲಿಸಿ ಕೇಳಿದಳು. ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

“ನಂಗೆ ಗೊತ್ತು ಮಾವ. ಅತ್ತೆ ಹೇಳಿದ್ರು.”

“ಏನಂತ?”

“ಅವರೇ ಒಂದಿನ ಹೇಳ್ತಾರೆ, ಅಲ್ಲೀವರೆಗೂ ನೀನು ಎತ್ತಬೇಡ ಅಂದಿದ್ರು.”

ಮೇಸ್ತ್ರಿ ಮೇಜನ್ನು ನೋಡಿದರು. “ಬೈದಳಾ?”

“ಇಲ್ಲ. ಕಾಯ್ತಿದ್ರು.”

ಈಗ ನಿನ್ನ ಮುಂದೆ ಹೇಳಿದ್ದು ಅವಳಿಗೆ ಸೇರಲಾರದೇ ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದರು. ಮಾವನಿಗೆ ಸುಳ್ಳು ಸಮಾಧಾನ ಹೇಳುವ ಹೆಣ್ಣಲ್ಲ ಸೊಸೆ.

“ಅತ್ತೆಯ ಬಾಕೀನ ನಾನು ಹೇಗೆ ವಸೂಲಿ ಮಾಡ್ಲಿ ಮಾವ?”

ಅವರು ತಲೆಯಾಡಿಸಿದರು. ಎದ್ದು ಹೋಗಿ ಅಂಗಳಕ್ಕೆ ಎರಡು ಕೊಡ ನೀರು ಚಿಮುಕಿಸಿ ಧೂಳು ಅಡಗಿಸಿದರು, ಕಿಟಕಿ ಮುಚ್ಚಿದರು, ಕೈ ತೊಳೆದು ಒರೆಸಿಕೊಂಡರು. ಮೆತ್ತನೆಯ ಬಟ್ಟೆಯಿಂದ ಗಾಜನ್ನು ಉಜ್ಜಿ, ಗಾರ್ಡಿನ ಅಂಚನ್ನು ಫೋನಿನ ಅಂಚಿಗೆ, ಬಾಗಿಲು ಚೌಕಟ್ಟಿಗೆ ಕೂಡಿಸುವ ಹದದಲ್ಲಿ ಕೂಡಿಸಿ ಬಿಟ್ಟರು. ಗೋಂದು ನಡುವಿನಿಂದ ಹರಡುತ್ತ ಹೋಯಿತು. ಗುಂಡುಸೂಜಿಯ ಗೀರುಗಳು ಮೊದಲು ಹೋದವು. ಕತ್ತರಿಯದು ಅರ್ಧ ಉಳಿದು, ಆಮೇಲೆ ಅದೂ ಹೋಯಿತು. ಗಾಲಿಯ ಚುಕ್ಕಿಗಳು ತುದಿಯಿಂದ ಒಂದೊಂದಾಗಿ ಮುಳುಗುವುದನ್ನು ಮೇಸ್ತ್ರಿ ಕಣ್ಣು ಮಿಟುಕಿಸದೆ ನೋಡಿದರು. ಎಣಿಸಬೇಕೆಂದುಕೊಂಡಿದ್ದರು, ಆಗಲಿಲ್ಲ.

ಫೋನನ್ನು ಸೊಸೆಯ ಮುಂದಿಟ್ಟು, ಅವಳ ಚಿಂದಿ ಸುತ್ತಿದ ಬೆರಳನ್ನು ನೋಡಿ ಅವರು ಹೇಳಿದರು: “ಇಪ್ಪತ್ತು ದಿನ ಸತಾಯಿಸಿದೆ. ತಪ್ಪಾಯ್ತಮ್ಮ.”

ಇಷ್ಟು ಸುಲಭದ ಮಾತೇ ಇದು ಎಂದು ಅವರಿಗೇ ಬೆರಗಾಯಿತು. ಸೊಸೆ, ಆಯ್ತು ಬಿಡಿ ಮಾವ ಎಂದು ದಾರ ಪೋಣಿಸತೊಡಗಿದಳು. ಅವಳದು ಅಲ್ಲಿಗೆ ಚುಕ್ತಾ ಆಯಿತು. ಇನ್ನೊಂದು ಬಾಕಿ ಹಾಗೇ ಉಳಿಯಿತು.